ತಂತಿ ಇಳಿಸಿದ ವರ್ಷಗಳು

ಗಿಟಾರ್ ರಿಪೇರಿಯ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: ‘ಕಾಕಾ, ಟ್ರಸ್ ರಾಡ್ ಯಾವ ಕಡೆ ತಿರಗಸಬೇಕ್ರಿ?’ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ. ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು. ಅವರು ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತಾರೆ. ನನ್ನ ಇಡೀ ಕೆಲಸದ ಆಯುಷ್ಯದಲ್ಲಿ ಕಲಿತದ್ದು, ಕಳೆದುಕೊಂಡದ್ದು ಎಲ್ಲವೂ ಆ ಅರ್ಧ ನಿಮಿಷದ ಆಚೆಗಿದೆ. ಅದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಧಾರವಾಡದ ಹತ್ತಿರದ ಗರಗದವನು. ಅಪ್ಪ ಅಲ್ಲಿ ಕೈಮಗ್ಗ, ಚರಕಗಳ ರಿಪೇರಿ ಮಾಡುತ್ತಿದ್ದರು. ಕಟ್ಟಿಗೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡುವುದನ್ನು ಅವರಿಂದ ಕಲಿತೆ. ಹುಬ್ಬಳ್ಳಿಗೆ ಬಂದದ್ದು ವಾದ್ಯಗಳ ಅಂಗಡಿಯೊಂದರಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಮಾಡುವ ಕೆಲಸಕ್ಕೆ. ಅಂಗಡಿಯ ಮಾಲಕರು ಚನ್ನಬಸಪ್ಪನವರು. ಅರಳೆ ವ್ಯಾಪಾರದ ಮನೆತನ. ಸಂಗೀತದ ಗಂಧವಿಲ್ಲದಿದ್ದರೂ ಯಾವ ವಾದ್ಯಕ್ಕೆ ಯಾವ ತಿಂಗಳಲ್ಲಿ ಗಿರಾಕಿ ಬರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಗ ಊರೂರಿಗೆ ಆರ್ಕೆಸ್ಟ್ರಾಗಳು ಹುಟ್ಟಿಕೊಂಡಿದ್ದ ಕಾಲ. ಗಣೇಶ ಹಬ್ಬ ಬಂದರೆ ಎಲೆಕ್ಟ್ರಿಕ್ ಗಿಟಾರುಗಳು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಒರಗಿರುತ್ತಿದ್ದವು. ಅವನ್ನು ರಿಪೇರಿ ಮಾಡಲು ಬರುತ್ತಿದ್ದವರು ಒಬ್ಬರೇ, ಆಲ್ಬರ್ಟ್ ಅಂಕಲ್. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಾಲಕರು ನನ್ನನ್ನು ಅವರ ಕೈಕೆಳಗೆ ಹಾಕಿದರು.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಗಿಟಾರಿನ ಉದ್ದನೆಯ ಕತ್ತಿಗೆ ನಾವು ನೆಕ್ ಅನ್ನುತ್ತೇವೆ. ಅದರ ಮೇಲೆ ಅಡ್ಡಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು ಫ್ರೆಟ್‌ಗಳು. ಆರು ಉಕ್ಕಿನ ತಂತಿಗಳು ಈ ತೆಳ್ಳನೆಯ ಕಟ್ಟಿಗೆಯನ್ನು ಯಾವಾಗಲೂ ಮುಂದಕ್ಕೆ ಎಳೆಯುತ್ತಲೇ ಇರುತ್ತವೆ. ಅದು ಬಿಲ್ಲಿನಂತೆ ಬಾಗದಿರಲೆಂದು ಒಳಗೆ ಕಬ್ಬಿಣದ ಸರಳೊಂದನ್ನು ಹುದುಗಿಸಿರುತ್ತಾರೆ. ಅದೇ ಟ್ರಸ್ ರಾಡ್. ತಂತಿಗೂ ಫ್ರೆಟ್ಟಿಗೂ ನಡುವಿನ ಎತ್ತರಕ್ಕೆ ಆಕ್ಷನ್ ಎಂದು ಹೆಸರು. ಎತ್ತರ ಹೆಚ್ಚಾದರೆ ಒತ್ತಿ ಒತ್ತಿ ಬೆರಳುಗಳು ನೋಯುತ್ತವೆ. ಕಡಿಮೆಯಾದರೆ ತಂತಿ ಲೋಹಕ್ಕೆ ತಾಗಿ ಗಿರ್ರೆನ್ನುತ್ತದೆ. ನಮ್ಮ ಕೆಲಸವೆಲ್ಲ ಇವೆರಡರ ನಡುವೆ.

ಆಲ್ಬರ್ಟ್ ಅಂಕಲ್ ಕಲಿಸಿದ್ದು ಮುಖ್ಯವಾಗಿ ಕಾಯುವುದನ್ನು. ‘ಕಾಲ್ ಸುತ್ತು ತಿರಗ್ಸು. ಕೈ ತಗಿ. ಮನಿಗೆ ಹೋಗು. ನಾಳೆ ಬಂದು ನೋಡು,’ ಎನ್ನುತ್ತಿದ್ದರು. ಸರಳು ಬಿಗಿಯಾದ ಕೂಡಲೇ ಕಟ್ಟಿಗೆ ಪೂರ್ತಿ ಬದಲಾಗುವುದಿಲ್ಲ, ಅದಕ್ಕೆ ಅದರದೇ ಸಮಯ ಬೇಕು. ಮಾಲಕರಿಗೆ ಈ ಮಾತು ಹಿಡಿಸುತ್ತಿರಲಿಲ್ಲ. ‘ಬಡಿಗೇರ, ಗಿರಾಕಿ ಬಾಗಲದಾಗ ನಿಂತಾನ. ನಿಮ್ಮ ಕಟಗಿ ಮಲಗಿ ಏಳೂತನಾ ಅವ ನಿಲ್ಲತಾನೇನು?’ ಎಂದು ನನ್ನನ್ನೇ ಕೇಳುತ್ತಿದ್ದರು. ಆಲ್ಬರ್ಟ್ ಅಂಕಲ್‌ಗೆ ಹೇಳುವ ಧೈರ್ಯ ಅವರಿಗೂ ಇರಲಿಲ್ಲ.

ಒಂದು ಕ್ರಿಸ್‌ಮಸ್ಸಿನ ಹಿಂದಿನ ದಿನ ಚರ್ಚಿನ ಗಾಯನ ತಂಡದ ಸ್ಟೀಫನ್ ಎಂಬ ತರುಣ ತನ್ನ ಗಿಟಾರ್ ತಂದ. ಅಂಕಲ್ ಇನ್ನೂ ಬಂದಿರಲಿಲ್ಲ. ರಾಡಿನ ತಿರುಪು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಕಾಯಬೇಕಿತ್ತು. ಮಾಲಕರು ಬೆನ್ನ ಹಿಂದೆ ನಿಂತು ಲಗೂ ಲಗೂ ಅನ್ನುತ್ತಿದ್ದರು, ಸ್ಟೀಫನ್ ಎದುರಿಗೆ ನಿಂತು ನೋಡುತ್ತಿದ್ದ. ನಾನು ಜೋರು ಹಾಕಿದೆ. ಕಟ್ಟಿಗೆಯ ಒಳಗೆ ಟಕ್ಕೆಂದು ಒಂದು ಸದ್ದಾಯಿತು. ಮರುಕ್ಷಣ ತಿರುಪಿನ ಕೀಲಿ ನನ್ನ ಕೈಯಲ್ಲಿ ಹಿಡಿತವಿಲ್ಲದೆ ತಿರುಗತೊಡಗಿತು, ರಾಡ್ ಒಳಗೇ ಮುರಿದಿತ್ತು. ಆಮೇಲೆ ಬಂದ ಅಂಕಲ್ ಗಿಟಾರನ್ನು ಎತ್ತಿ ನೋಡಿ, ‘ಎಣ್ಣಿ ಬಿಟ್ಟಿದ್ಯೇನು?’ ಎಂದರು. ಇಲ್ಲವೆಂದೆ. ಅಷ್ಟೇ, ಅವರು ತಮ್ಮ ಸ್ಟೂಲಿನ ಮೇಲೆ ಹೋಗಿ ಕುಳಿತರು. ಸ್ಟೀಫನ್ ಆ ಹಬ್ಬಕ್ಕೆ ಯಾರದೋ ಗಿಟಾರ್ ಇಸಕೊಂಡು ನುಡಿಸಿದನಂತೆ. ಆಮೇಲೆ ದಾರಿಯಲ್ಲಿ ಸಿಕ್ಕರೆ ನಕ್ಕು ಮಾತನಾಡುತ್ತಿದ್ದ, ಆದರೆ ಗಿಟಾರನ್ನು ನನ್ನ ಕೈಗೆ ಮತ್ತೆಂದೂ ಕೊಡಲಿಲ್ಲ. ಅವನು ಬೈದಿದ್ದರೆ ಇಷ್ಟು ನೆನಪಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಅಂಕಲ್ ನೆಕ್ಕಿನ ತಲೆಯ ಹತ್ತಿರ ಕಣ್ಣಿಟ್ಟು, ಬಂದೂಕಿನ ಗುರಿ ನೋಡುವ ಹಾಗೆ ನೋಡುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಮೋಟಾರ್ ಸೈಕಲ್ ಗ್ಯಾರೇಜಿನವರು ಬಳಸುವ ಫೀಲರ್ ಗೇಜ್ ತಂದುಕೊಂಡೆ. ತೆಳ್ಳನೆಯ ಉಕ್ಕಿನ ಎಲೆಗಳ ಕಟ್ಟು ಅದು, ತಂತಿಯ ಕೆಳಗಿನ ಸಂದನ್ನು ಅಳೆಯಲು ಬರುತ್ತದೆ. ಆಮೇಲೆ ಶ್ರುತಿ ನೋಡುವ ಚಿಕ್ಕ ಯಂತ್ರ ಬಂತು, ಈಗ ಅದೂ ಮೊಬೈಲಿನಲ್ಲೇ ಇದೆ. ಇದನ್ನೆಲ್ಲ ನಾನು ಹಳಿಯುವುದಿಲ್ಲ. ಗೇಜು ನನ್ನ ಕಣ್ಣಿಗಿಂತ ಎಷ್ಟೋ ವಾಸಿ. ಆದರೆ ಅದು ಗಿಟಾರನ್ನು ಮಾತ್ರ ಅಳೆಯುತ್ತದೆ. ನಾನೂ ಬಹುಕಾಲ ಗಿಟಾರನ್ನು ಮಾತ್ರ ಅಳೆದೆ.

ಇನ್ನು ಅಕ್ಕೋರ ವಿಷಯಕ್ಕೆ ಬರುತ್ತೇನೆ.

ಹೆಸರು ಸುಮತಿ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವಂತೆ ಆರ್ಕೆಸ್ಟ್ರಾದವರೂ, ನಾವೂ, ಎಲ್ಲರೂ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಿದ್ದೆವು. ಮನೆ ಮಾಳಮಡ್ಡಿಯಲ್ಲಿ. ಆ ಓಣಿಯಲ್ಲಿ ಮನೆಗೊಂದು ತಂಬೂರಿ ಇದ್ದರೆ ಇವರ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರು. ಮುಂಬಯಿಯ ಯಾರೋ ಸಂಬಂಧಿಕರಿಂದ ಕೊಂಡ ಹಳೆಯ ವಾದ್ಯ, ಕಂದು ಬಣ್ಣದ್ದು. ಶಾಲೆಗೆ ಬಿಡುವಿದ್ದಾಗ ಕಾಟನ್ ಸೀರೆಯುಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆಯ ಎಡ ಮೂಲೆಯಲ್ಲಿ ನಿಂತು ಸಿನಿಮಾ ಹಾಡಿನ ನಡುವಿನ ಗಿಟಾರ್ ತುಣುಕುಗಳನ್ನು ಒಂದೂ ತಪ್ಪದೆ ನುಡಿಸುತ್ತಿದ್ದರು. ಜನ ಹಾಡುವವರನ್ನು ಬಿಟ್ಟು ಅವರನ್ನೇ ನೋಡುತ್ತಿದ್ದರು. ಅವರ ಪತಿ ಜಯತೀರ್ಥರಾಯರು ಅಂಚೆ ಕಚೇರಿಯಲ್ಲಿದ್ದರು. ಗಿಟಾರನ್ನು ಸ್ಕೂಟರಿನ ಮೇಲೆ ಹೊತ್ತು ತರುವುದು, ಕಾರ್ಯಕ್ರಮ ಮುಗಿಯುವವರೆಗೆ ಮೊದಲ ಸಾಲಿನಲ್ಲಿ ಕೂರುವುದು ಅವರ ಕೆಲಸ.

ಪ್ರತಿ ವರ್ಷ ಮಳೆ ಹಿಡಿದ ಮೇಲೆ ದಂಪತಿಗಳು ಅಂಗಡಿಗೆ ಬರುತ್ತಿದ್ದರು. ಧಾರವಾಡದ ಮಳೆಗಾಲ ಹುಬ್ಬಳ್ಳಿಯದರಂತಲ್ಲ. ಮಾಳಮಡ್ಡಿಯ ಮನೆಗಳ ಗೋಡೆಗಳೇ ಬೆವರುತ್ತವೆ. ಆ ತೇವಕ್ಕೆ ಅಕ್ಕೋರ ಗಿಟಾರಿನ ನೆಕ್ ಉಬ್ಬಿ ಮುಂದಕ್ಕೆ ಬಾಗುತ್ತಿತ್ತು. ನಾನು ಕಾಲು ಸುತ್ತು ಬಿಗಿ ಮಾಡಿ, ಮರುದಿನ ನೋಡಿ, ತಂತಿಯ ಎತ್ತರ ಸರಿಪಡಿಸಿ ಕೊಡುತ್ತಿದ್ದೆ. ಬೇಸಿಗೆ ಹತ್ತಿರ ಬಂದಾಗ ಮತ್ತೆ ಸಡಿಲಿಸಬೇಕಾಗುತ್ತಿತ್ತು. ಅಕ್ಕೋರು ಅಲ್ಲಿಯೇ ನಿಂತು ಒಂದು ತುಣುಕು ನುಡಿಸಿ, ‘ಛಲೋ ಆಗ್ಯದ್ರಿ, ಬಡಿಗೇರ ಅವರ,’ ಎನ್ನುತ್ತಿದ್ದರು. ಆ ಒಂದು ಮಾತಿಗೆ ನನಗೆ ದಿನವಿಡೀ ಹುರುಪು.

ಒಂದು ಸಲ ಅವರು ದೀಪಾವಳಿ ಮುಗಿದ ಮೇಲೆ ಬಂದರು. ಒಣ ಹವೆ.

‘ಮಳಿಗೆ ನೆಕ್ ಎದ್ದದ ನೋಡ್ರಿ. ತಂತಿ ಒಂಚೂರು ಕೆಳಗ ತರ್ರಿ.’

ನಾನು ಅಳೆದು ನೋಡಿದೆ. ನೆಕ್ ನೆಟ್ಟಗಿತ್ತು. ತಂತಿಗಳು ನಾನು ಆಷಾಢದಲ್ಲಿ ಇಟ್ಟ ಎತ್ತರದಲ್ಲೇ ಇದ್ದವು. ಹಾಗೆಂದು ಹೇಳಲು ತಲೆ ಎತ್ತಿದೆ. ಅಕ್ಕೋರು ತಮ್ಮ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದರು. ಆಗ ನೆನಪಾಯಿತು. ಬಂದ ಕೂಡಲೇ ಚೀಲದ ಜಿಪ್ಪನ್ನು ನನ್ನಿಂದ ತೆಗೆಸಿದ್ದರು. ‘ಹಳೇದಾಗಿ ಬಿಗಿ ಆಗ್ಯದ್ರಿ,’ ಎಂದಿದ್ದರು. ಜಿಪ್ಪು ಬೆಣ್ಣೆಯಂತೆ ಜಾರಿತ್ತು.

ನಾನು ತಿರುಪುಳಿ ಎತ್ತಿಕೊಂಡೆ. ತಂತಿಗಳನ್ನು ಒಂದು ಕೂದಲೆಳೆಯಷ್ಟು ಇಳಿಸಿದೆ, ಮೊದಲಿದ್ದವಕ್ಕಿಂತ ತೆಳ್ಳನೆಯ ತಂತಿ ಹಾಕಿದೆ. ಅವರು ನುಡಿಸಿ ನೋಡಿ, ‘ಈಗ ಹಗುರ ಆತು,’ ಎಂದರು. ರಾಯರು ಅಂಗಡಿಯ ಹೊರಗೆ ಸ್ಕೂಟರಿನ ಹತ್ತಿರ ನಿಂತು ಬೇರೆಲ್ಲೋ ನೋಡುತ್ತಿದ್ದರು.

ಮುಂದಿನ ವರ್ಷಗಳಲ್ಲಿ ಇದೇ ನಡೆಯಿತು. ಅಕ್ಕೋರು ದೂರನ್ನು ನೆಕ್ಕಿನ ಮೇಲೆ ಹಾಕುವರು, ನಾನು ನೆಕ್ಕನ್ನು ಅಳೆದಂತೆ ಮಾಡುವೆ, ಕೊನೆಗೆ ತಂತಿ ಇಳಿಸುವೆ. ಫ್ರೆಟ್ಟುಗಳನ್ನು ಉಜ್ಜಿ ಒಂದೇ ಸಮ ಮಾಡಿದರೆ ಇನ್ನೂ ಸ್ವಲ್ಪ ಇಳಿಸಬಹುದು, ಅದನ್ನೂ ಮಾಡಿದೆ. ನನ್ನ ಕೈಗೆ ಬಂದಿದ್ದ ಕುಶಲತೆಯನ್ನೆಲ್ಲ ಆ ಒಂದು ವಾದ್ಯದ ಮೇಲೆ ಸುರಿದೆ. ಅಷ್ಟು ಕೆಳಗೆ ತಂತಿ ಇರುವ ಗಿಟಾರ್ ಹುಬ್ಬಳ್ಳಿ–ಧಾರವಾಡದಲ್ಲಿ ಇನ್ನೊಂದಿಲ್ಲ ಎಂದು ಆರ್ಕೆಸ್ಟ್ರಾದ ಹುಡುಗರು ಬಂದು ಹೇಳಿದರೆ ಹೆಮ್ಮೆಯಾಗುತ್ತಿತ್ತು.

ಅಷ್ಟರಲ್ಲಿ ಆರ್ಕೆಸ್ಟ್ರಾಗಳೂ ಒಂದೊಂದಾಗಿ ನಿಂತವು. ಮೊದಲು ಕೀಬೋರ್ಡ್ ಬಂದು ಮೂರು ಜನರ ಕೆಲಸ ಒಬ್ಬನಿಂದ ಆಗತೊಡಗಿತು, ಆಮೇಲೆ ಅವನೂ ಬೇಡವಾಗಿ ರೆಕಾರ್ಡಿನ ಮೇಲೆ ಹಾಡುವುದು ಶುರುವಾಯಿತು. ಅಕ್ಕೋರು ವೇದಿಕೆ ಬಿಟ್ಟರು. ರವಿವಾರ ಸಂಜೆ ಮನೆಯಲ್ಲಿ ನುಡಿಸುತ್ತಾರೆಂದು ರಾಯರು ಹೇಳುತ್ತಿದ್ದರು. ‘ನಾ ಒಬ್ಬನ ಕೇಳಾವ. ಟಿಕೆಟ್ ಇಲ್ಲ,’ ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ರಾಯರು ಒಬ್ಬರೇ ಬಂದರು. ಗಿಟಾರ್ ತಂದಿರಲಿಲ್ಲ. ಮಾಲಕರು ಊಟಕ್ಕೆ ಹೋಗಿದ್ದರು. ರಾಯರು ನನ್ನ ಕಟ್ಟೆಯ ಹತ್ತಿರ ಬಂದು, ಅಲ್ಲಿ ಬಿದ್ದಿದ್ದ ತಂತಿಯ ತುಂಡೊಂದನ್ನು ಬೆರಳಿಗೆ ಸುತ್ತುತ್ತಾ ನಿಂತರು.

‘ಆಕಿಗೆ ಸಂಧಿವಾತ ಅದ, ಬಡಿಗೇರ ಅವರ. ಸತ್ತೂರ ದವಾಖಾನಿಗೆ ಕರಕೊಂಡು ಹೋಗಲಿಕ್ಕತ್ತೇನಿ. ಔಷಧ ನಡದದ. ಬೆರಳು ಸರಿ ಆಗೂದು ಕಷ್ಟ ಅಂತಾರ.’

‘ನನಗ ಸಂಶೇ ಬಂದಿತ್ರಿ,’ ಎಂದೆ.

‘ಬಂದಿರತದ. ಆದ್ರ ಆಕಿ ಮುಂದ ಅನ್ನಬ್ಯಾಡ್ರಿ. ಆಕಿ ನೆಕ್ ಅಂದ್ರ ನೀವೂ ನೆಕ್ ಅನ್ರಿ. ಹೆಂಗರೆ ಮಾಡಿ ತಂತಿ ಇನ್ನಷ್ಟು ಕೆಳಗ ತರ್ರಿ. ಆಕಿಗೆ ಅದೊಂದು ಉಳದದ. ಅದೂ ಹೋತು ಅಂದ್ರ ಆಕಿ ತಡ್ಯೂದಿಲ್ಲ.’

‘ಆತ್ರಿ ರಾಯರ,’ ಎಂದೆ. ಅವರು ನನ್ನ ಕೈ ಹಿಡಿದು ಒಂದು ಗಳಿಗೆ ನಿಂತು ಹೊರಟುಹೋದರು. ಗಿರಾಕಿಯ ಮನೆಯ ಗುಟ್ಟನ್ನು ಕಾಯುವುದು ಕೂಡ ನಮ್ಮ ಕೆಲಸದ ಮರ್ಯಾದೆ ಎಂದು ನಾನು ಅಂದು ತಿಳಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ನಂಬಿಕೆಯಿಂದ ಮನೆಗೆ ಹೋದೆ.

ಕಟ್ಟಿಗೆಗೂ ತಂತಿಗೂ ಒಂದು ಮಿತಿ ಇದೆ. ಅದರ ಕೆಳಗೆ ಯಾವ ಕುಶಲತೆಯೂ ನಡೆಯುವುದಿಲ್ಲ. ಅಕ್ಕೋರು ಕೊನೆಯ ಸಲ ಬಂದಾಗ ನಾನು ಆ ಮಿತಿಗೆ ಬಂದು ನಿಂತಿದ್ದೆ. ಆದರೂ ರಾಯರ ಮಾತು ನೆನೆದು ತಂತಿಯ ಎತ್ತರದ ತಿರುಪನ್ನು ಇನ್ನೊಂದು ಸ್ವಲ್ಪ ತಿರುಗಿಸಿದೆ. ಅಕ್ಕೋರು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಒಂದು ಹಳೆಯ ತುಣುಕು ಶುರು ಮಾಡಿದರು. ಪ್ರತಿ ಸ್ವರದ ಹಿಂದೆಯೂ ಗಿರ್ರೆಂಬ ಸದ್ದು, ತಗಡಿನ ಮೇಲೆ ಮರಳು ಎಳೆದಂತೆ. ಅವರು ನಿಲ್ಲಿಸಿದರು.

ನಾನು ಹೇಳಿದೆ, ‘ಸ್ವಲ್ಪ ಸದ್ದು ಬರತೈತ್ರಿ. ಆಂಪ್ಲಿಫೈಯರಿಗೆ ಹಾಕಿದ್ರ ಗೊತ್ತಾಗೂದಿಲ್ಲ.’

ಅವರು ನನ್ನ ಮುಖ ನೋಡಿದರು. ‘ನಿಮಗ ಗೊತ್ತಾಗ್ತದಲ್ರಿ?’

‘ಆಗತೈತ್ರಿ.’

‘ನನಗೂ ಆಗ್ತದ,’ ಎಂದರು. ಗಿಟಾರನ್ನು ಎರಡೂ ಅಂಗೈಗಳ ನಡುವೆ ಎತ್ತಿ ರಾಯರಿಗೆ ಕೊಟ್ಟರು. ರಾಯರು ಅದನ್ನು ಚೀಲಕ್ಕೆ ಹಾಕಿದರು. ಮೂವರಿಗೂ ಬೆರಳಿನ ಮಾತು ಗೊತ್ತಿತ್ತು. ಮೂವರೂ ಮಳೆಯ ಬಗ್ಗೆ ಎರಡು ಮಾತಾಡಿ ಬೇರೆಯಾದೆವು. ಮುಂದಿನ ಮಳೆಗಾಲಕ್ಕೆ ಅವರು ಬರಲಿಲ್ಲ. ಅದರ ಮುಂದಿನ ಮಳೆಗಾಲಕ್ಕೂ ಇಲ್ಲ.

ಹೋಗಿ ಕೇಳಬಹುದಿತ್ತು. ಹುಬ್ಬಳ್ಳಿಯಿಂದ ಮಾಳಮಡ್ಡಿ ಎಷ್ಟರ ದೂರ. ಏನು ಕೇಳಲಿ, ಗಿಟಾರ್ ಯಾಕೆ ತರಲಿಲ್ಲ ಎಂದು ಕೇಳಿದರೆ ಗಾಯದ ಮೇಲೆ ಕೈಯಿಟ್ಟಂತೆ ಎಂದುಕೊಂಡು ಸುಮ್ಮನಿದ್ದೆ. ಚನ್ನಬಸಪ್ಪನವರು ತೀರಿಕೊಂಡರು, ಅವರ ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಕೆಲಸ ಕಡಿಮೆಯಾಯಿತು, ನನ್ನ ಕಣ್ಣೂ ಮಂಜಾಗತೊಡಗಿತು.

ನಾನು ಕೆಲಸ ಬಿಡುವ ವರ್ಷ ಕಲಘಟಗಿ ಕಡೆಯ ಹಿರಿಯರೊಬ್ಬರು ಹವಾಯಿಯನ್ ಗಿಟಾರ್ ತಂದರು. ಭಜನೆಯಲ್ಲಿ ನುಡಿಸುವವರು. ಈ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಾರೆ. ಜಾರಿಸುವಾಗ ಉಕ್ಕು ಫ್ರೆಟ್ಟಿಗೆ ಬಡಿಯಬಾರದು, ಆದ್ದರಿಂದ ತಂತಿಗಳು ಬಹಳ ಎತ್ತರಕ್ಕಿರಬೇಕು. ಅವರ ಗಿಟಾರಿನ ತಂತಿ ಕೆಳಗಿಳಿದಿತ್ತು, ನಾನು ಎತ್ತಿ ಕೊಟ್ಟೆ. ರಸೀದಿಯ ಮೇಲೆ ಸಹಿ ಮಾಡ್ರಿ ಎಂದಾಗ ಅವರು, ‘ನೀವ ನನ್ನ ಹೆಸರು ಬರೀರಿ, ನನಗ ಪೆನ್ ಹಿಡ್ಯಾಕ ಬರೂದಿಲ್ಲ,’ ಎಂದು ಕೈ ತೋರಿಸಿದರು. ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಕೊಂಡು ಗಂಟುಗಂಟಾಗಿದ್ದವು.

‘ಇಂಥಾ ಕೈಲೆ ಹೆಂಗ ನುಡಸ್ತೀರಿ?’ ಎಂದು ಕೇಳಿದೆ.

‘ಇದಕ್ಕ ಒತ್ತೂದು ಎಲ್ಲೈತ್ರಿ? ಮ್ಯಾಲೆ ಮ್ಯಾಲೆ ಜಾರಸೂದು ಅಷ್ಟ,’ ಎಂದು ಅವರು ಉಕ್ಕನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಸಿಕ್ಕಿಸಿಕೊಂಡು ಒಂದು ಭಜನೆಯ ಸೊಲ್ಲು ನುಡಿಸಿ ತೋರಿಸಿದರು.

ಅವರು ಹೋದ ಮೇಲೂ ನಾನು ಕಟ್ಟೆಯಿಂದ ಏಳಲಿಲ್ಲ. ಹವಾಯಿಯನ್ ಗಿಟಾರ್ ನನಗೆ ಹೊಸದೇನಲ್ಲ, ಎಷ್ಟೋ ಮಾಡಿದ್ದೆ. ಸಾಮಾನ್ಯ ಗಿಟಾರನ್ನು ಹವಾಯಿಯನ್ ಮಾಡುವುದೂ ದೊಡ್ಡ ವಿದ್ಯೆಯಲ್ಲ, ತಲೆಯ ಹತ್ತಿರ ತಂತಿಯ ಕೆಳಗೆ ಒಂದು ಎತ್ತರದ ಪಟ್ಟಿ ಕೂರಿಸಿದರಾಯಿತು, ಈ ಕಡೆ ಬುಡದಲ್ಲಿ ಎತ್ತರದ ತಿರುಪುಗಳನ್ನು ಏರಿಸಿದರಾಯಿತು. ನನ್ನ ತಲೆಯಲ್ಲಿ ಅದು ಬೇರೆ ವಾದ್ಯ, ಇದು ಬೇರೆ ವಾದ್ಯ. ಅಕ್ಕೋರು ತಂತಿ ಇಳಿಸ್ರಿ ಎಂದರು, ನಾನು ಇಳಿಸಿದೆ. ಇಳಿಸುವುದರಲ್ಲೇ ಅಷ್ಟು ವರ್ಷ ಮುಳುಗಿದ್ದೆ. ಏರಿಸಬಹುದು ಎಂಬುದು ಒಮ್ಮೆಯೂ ಹೊಳೆಯಲಿಲ್ಲ. ಬೆರಳಿನ ಮಾತು ಬಾಯಿಬಿಟ್ಟು ಆಡಿದ್ದರೆ ಹೊಳೆಯುತ್ತಿತ್ತು ಎಂದು ಈಗಲೂ ಅನಿಸುತ್ತದೆ. ನೆಕ್ಕಿನ ಬಗ್ಗೆ ಮಾತಾಡುವವರಿಗೆ ನೆಕ್ಕಿನ ಉಪಾಯಗಳೇ ಹೊಳೆಯುತ್ತವೆ.

ಮರುದಿನವೇ ಮಾಳಮಡ್ಡಿಗೆ ಹೋದೆ. ಬಾಗಿಲು ತೆರೆದವರು ಅಕ್ಕೋರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ‘ಬರ್ರಿ ಬರ್ರಿ, ಬಡಿಗೇರ ಅವರ,’ ಎಂದು ಒಳಗೆ ಕರೆದರು. ಗೋಡೆಯ ಮೇಲೆ ರಾಯರ ಫೋಟೋ, ಅದಕ್ಕೆ ಗಂಧದ ಹಾರ. ನನಗೆ ಸುದ್ದಿಯೇ ಗೊತ್ತಿರಲಿಲ್ಲ. ಹೋದ ವರ್ಷ ಮಲಗಿದಲ್ಲೇ ಹೋದರಂತೆ. ನಾನು ಫೋಟೋ ಮುಂದೆ ನಿಂತು ಕೈಮುಗಿದೆ. ಆಮೇಲೆ ಕುಳಿತು, ಬಂದ ವಿಷಯವನ್ನು ಹೇಗೆ ಎತ್ತುವುದೆಂದು ತಿಳಿಯದೆ, ‘ರಾಯರು ಒಮ್ಮೆ ಅಂಗಡಿಗೆ ಒಬ್ಬರ ಬಂದಿದ್ರಿ,’ ಎಂದೆ.

‘ನನಗ ಗೊತ್ತಿತ್ತು. ಅವತ್ತು ಮನಿಗೆ ಬಂದವ್ರು ಗಿಟಾರಿನ ಕಡೆ ಕಣ್ಣೆತ್ತಿ ನೋಡಲಿಲ್ಲ,’ ಎಂದರು ಅಕ್ಕೋರು. ‘ನನ್ನ ಬೆರಳಿನ ಮಾತು ಹೇಳಿರಬೇಕು.’

‘ಹೇಳಿದ್ರಿ. ನಿಮಗ ಅದೊಂದ ಉಳದೈತಿ, ಹೆಂಗರೆ ಮಾಡಿ ನಡಸ್ರಿ ಅಂದ್ರು.’

ಅಕ್ಕೋರು ಎಡಗೈಯ ಮೇಲೆ ಸೆರಗು ಎಳೆದುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. ‘ನಾನು ಯಾವಾಗೋ ಬಿಡಬೇಕಂತ ಮಾಡಿದ್ದೆ. ರವಿವಾರ ಸಂಜಿಗೆ ಅವರು ಕುರ್ಚಿ ಹಾಕ್ಕೊಂಡು ಕೂಡ್ತಿದ್ರು. ಆಫೀಸಿನಿಂದ ಬಂದು ಮಾತ ಆಡದವರು ಅವತ್ತು ಮಾತಾಡ್ತಿದ್ರು, ನಗ್ತಿದ್ರು. ಅದಕ್ಕ ಬಿಡಲಿಲ್ಲ. ಭಾಳ ನೋಯ್ತಿತ್ತು, ಬಡಿಗೇರ ಅವರ. ಸೋಮವಾರ ಖಡೂ ಹಿಡದು ಹಲಗಿ ಮ್ಯಾಲೆ ಬರೀಲಿಕ್ಕೆ ಆಗ್ತಿರಲಿಲ್ಲ.’

ಅವರು ರಾಯರಿಗಾಗಿ ನುಡಿಸಿದ್ದರು, ರಾಯರು ಅವರಿಗಾಗಿ ಕುಳಿತಿದ್ದರು. ನಡುವೆ ನಾನು, ತಿರುಪಿನ ಕೀಲಿ ಹಿಡಿದುಕೊಂಡು, ನೋವು ಇನ್ನಷ್ಟು ದಿನ ನಡೆಯುವಂತೆ ಮಾಡಿ ಕೊಟ್ಟಿದ್ದೆ. ಕಲಘಟಗಿಯ ಹಿರಿಯರ ಸುದ್ದಿಯನ್ನು ಹೇಳಿದೆ. ಗಿಟಾರನ್ನು ಮಲಗಿಸಿ ಉಕ್ಕು ಜಾರಿಸಿದರೆ ಬೆರಳು ಒತ್ತುವುದೇ ಬೇಡ ಎಂದೆ. ಅವರಿಗೆ ಕೂಡಲೇ ತಿಳಿಯಿತು, ವಿಜ್ಞಾನ ಕಲಿಸಿದವರು.

‘ಇದು ಆಗ ಆಗ್ತಿತ್ತೇನ್ರಿ?’

‘ಆಗತಿತ್ರಿ.’

‘ಅವರು ಇದ್ದಾಗ?’

‘ಹೌದ್ರಿ. ದೊಡ್ಡ ಕೆಲಸ ಅಲ್ಲ.’

ಅಕ್ಕೋರು ಕಿಟಕಿಯ ಆಚೆ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿ ಕುಳಿತಿದ್ದೆ. ‘ನಾನು ನಿಮಗ ನೆಕ್ ಅಂತ ಹೇಳಿದೆ, ನೀವು ನೆಕ್ ನೋಡಿದ್ರಿ,’ ಎಂದು ಎದ್ದು ಒಳಗೆ ಹೋದರು. ಗಿಟಾರ್ ಮಂಚದ ಕೆಳಗಿದೆ, ತೆಗೆಯಿರಿ ಎಂದು ಒಳಗಿನಿಂದಲೇ ಕೂಗಿ ಹೇಳಿದರು.

ತಂತಿಗಳು ತುಕ್ಕು ಹಿಡಿದಿದ್ದವು. ಬಿಗಿ ಮಾಡಿಯೇ ಇಟ್ಟದ್ದರಿಂದ ನೆಕ್ ಬಾಗಿಕೊಂಡಿತ್ತು. ಉಕ್ಕು ಜಾರಿಸಿ ನುಡಿಸುವವರಿಗೆ ಅದರಿಂದ ಅಂಥ ತೊಂದರೆಯಿಲ್ಲ, ಆದರೂ ಬಿಡಲು ಮನಸ್ಸಾಗದೆ ಕಾಲು ಸುತ್ತು ತಿರುಗಿಸಿ, ನಾಲ್ಕಾರು ದಿನ ಬಿಟ್ಟು ಬಂದು ಮತ್ತೆ ತಿರುಗಿಸಿ ನೆಟ್ಟಗೆ ಮಾಡಿದೆ. ಆಮೇಲೆ, ವರ್ಷವರ್ಷವೂ ಕೂದಲೆಳೆಯಷ್ಟು ಇಳಿಸುತ್ತ ಬಂದ ತಂತಿಗಳನ್ನು ಪೆನ್ಸಿಲ್ ತೂರುವಷ್ಟು ಮೇಲಕ್ಕೆ ಎತ್ತಿದೆ.

ತೊಡಕಾದದ್ದು ಉಕ್ಕು. ಪೇಟೆಯಲ್ಲಿ ಸಿಗುವ ನುಣ್ಣನೆಯ ತುಂಡು ಅವರ ಹಿಡಿತದಲ್ಲಿ ನಿಲ್ಲಲಿಲ್ಲ. ಮೂರು ಬೆರಳು ಮಡಚುತ್ತಲೇ ಇರಲಿಲ್ಲ. ಅದಕ್ಕೊಂದು ಕಟ್ಟಿಗೆಯ ಹಿಡಿಕೆ ಮಾಡಬೇಕು, ಅದು ಈ ಕೈಗೇ ಹೊಂದಬೇಕು ಎಂದುಕೊಂಡೆ.

‘ಅಕ್ಕೋರ, ನಿಮ್ಮ ಕೈ ನೋಡಬೇಕ್ರಿ,’ ಎಂದೆ. ಇಷ್ಟು ವರ್ಷದ ಪರಿಚಯದಲ್ಲಿ ಈ ಮಾತನ್ನು ಕೇಳಿದ್ದು ಅದೇ ಮೊದಲು. ಅವರು ಸ್ವಲ್ಪ ಹಿಂಜರಿದು ಎಡಗೈಯನ್ನು ಟೇಬಲ್ಲಿನ ಮೇಲಿಟ್ಟರು. ಬೆರಳಿನ ಗಂಟುಗಳು ಕೆಂಪಾಗಿ ಊದಿದ್ದವು, ಉಂಗುರದ ಬೆರಳು ಪಕ್ಕದ ಬೆರಳಿನ ಮೇಲೆ ಏರಿತ್ತು. ಅಳತೆಪಟ್ಟಿಯಿಂದ ಆಗುವ ಕೆಲಸ ಅದಲ್ಲ. ಅಚ್ಚು ತೆಗೆಯಲು ಏನಾದರೂ ಮೆತ್ತಗಿನದು ಬೇಕು ಎಂದೆ. ಅವರು ಅಡುಗೆಮನೆಯಿಂದ ಚಪಾತಿಗೆ ಕಲಸಿಟ್ಟ ಕಣಕವನ್ನೇ ತಂದರು. ಅದರ ಒಂದು ಉಂಡೆಯನ್ನು ಅವರ ಅಂಗೈಯಲ್ಲಿಟ್ಟೆ. ನೋವಾಗದಷ್ಟು ಹಿಡಿಯಿರಿ ಎಂದೆ. ಅವರು ಹಿಡಿದರು. ಕಣಕದಲ್ಲಿ ಮೂಡಿದ ಗುರುತನ್ನು ಇಬ್ಬರೂ ನೋಡಿದೆವು. ಅಷ್ಟು ಸಣ್ಣ ಹಿಡಿತ, ಮಗುವಿನದರ ಹಾಗೆ. ಆ ಹಿಡಿತದಲ್ಲೇ ಅವರು ಅಷ್ಟು ಕಾಲ ಉಕ್ಕಿನ ತಂತಿ ಒತ್ತಿದ್ದರು.

ಬೀಟೆಯ ತುಂಡಿನಲ್ಲಿ ಹಿಡಿಕೆ ಕೆತ್ತಿದೆ. ಒಂದೆರಡು ಸಲ ಹೆರೆದು, ಮತ್ತೆ ಕೊಟ್ಟು, ಮತ್ತೆ ಹೆರೆದು ಸರಿ ಮಾಡಿದೆ. ಮೊದಮೊದಲು ಸ್ವರ ನಿಲ್ಲಲೇ ಇಲ್ಲ. ‘ಇಷ್ಟು ವರ್ಷ ಫ್ರೆಟ್ ಸ್ವರ ಹಿಡಕೊಡ್ತಿತ್ತು. ಈಗ ನಾನ ಹುಡುಕಬೇಕಾಗ್ಯದ,’ ಎಂದು ಅಕ್ಕೋರು ಹೇಳುತ್ತಿದ್ದರು. ಅರವತ್ತು ದಾಟಿದ ಮೇಲೆ ಸಾ–ರೀಯಿಂದ ಶುರು ಮಾಡಿದರು. ಬಿಡಲಿಲ್ಲ. ದಸರೆಯ ಹೊತ್ತಿಗೆ ಫೋನ್ ಮಾಡಿ, ಒಂದು ಹಾಡು ಪೂರ್ತಿ ಬಂದಿದೆ, ಬಂದು ಕೇಳಿ ಎಂದರು.

ರವಿವಾರ ಸಂಜೆ ಹೋದೆ. ಮಂಚದ ಅಂಚಿಗೆ ಕೂರಲು ಹೋದಾಗ, ‘ಅಲ್ಲಿ ಯಾಕ, ಈ ಕುರ್ಚಿ ಮ್ಯಾಲೆ ಕೂಡ್ರಿ,’ ಎಂದರು. ರಾಯರು ಕೂರುತ್ತಿದ್ದ ಕುರ್ಚಿ. ಕುಳಿತೆ, ಆದರೆ ಬೆನ್ನು ಆನಿಸಲು ಮನಸ್ಸಾಗಲಿಲ್ಲ. ಅಕ್ಕೋರು ನುಡಿಸಿದರು. ಸ್ವರದಿಂದ ಸ್ವರಕ್ಕೆ ನಾದ ನೀರಿನಂತೆ ಜಾರಿಕೊಂಡು ಹೋಗುತ್ತಿತ್ತು. ಅವರ ಮುಖದ ಮೇಲೆ ನೋವಿನ ಗೆರೆ ಇರಲಿಲ್ಲ. ಚೆನ್ನಾಗಿತ್ತು. ಚೆನ್ನಾಗಿದ್ದಷ್ಟೂ ನಾನು ಕುರ್ಚಿಯ ಅಂಚಿಗೆ ಸರಿಯುತ್ತಿದ್ದೆ. ಇದನ್ನು ಕೇಳಬೇಕಾದವರು ನಾನಲ್ಲ. ಹಾಡು ಮುಗಿದ ಮೇಲೆ ಅಕ್ಕೋರು, ‘ಹೆಂಗಾತ್ರಿ?’ ಎಂದು ಕೇಳಿದರು. ತಲೆಯಾಡಿಸಿದೆ. ಅವರಿಗೂ ಅರ್ಥವಾಗಿರಬೇಕು, ಮತ್ತೆ ಕೇಳಲಿಲ್ಲ.

ಹೀಗೆ ಎರಡು ವರ್ಷ ನಡೆಯಿತು. ಪಕ್ಕದ ಮನೆಯವರು ಬಂದು ಕೇಳುವಷ್ಟು ಅವರ ಕೈ ಕುದುರಿತ್ತು. ಈ ಮಳೆಗಾಲದಲ್ಲಿ ಒಂದು ಬೆಳಗ್ಗೆ ಫೋನ್ ಬಂತು.

‘ಬಡಿಗೇರ ಅವರ, ಬಲಗೈಗೂ ಶುರು ಆಗ್ಯದ. ಮೀಟೋ ಬೆರಳು ಮಡಚವಲ್ದು. ಈ ಸಲ ನಿಮಗ ಮೊದಲ ಹೇಳಲಿಕ್ಕತ್ತೇನಿ.’

ತಂತಿ ದಪ್ಪ ಆಗಿರಬಹುದು, ಬದಲಾಯಿಸಿ ನೋಡೋಣ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ.

‘ಅಕ್ಕೋರ, ಇದಕ್ಕೇನು ಮಾಡಬೇಕಂತ ನನಗ ಗೊತ್ತಿಲ್ರಿ.’

‘ನನಗೂ ಗೊತ್ತಿಲ್ಲ,’ ಎಂದರು. ‘ಬರ್ರಿ. ಕೂತು ಮಾತಾಡೋಣು.’

ಅಂದೇ ಮಧ್ಯಾಹ್ನ ಧಾರವಾಡದ ಬಸ್ಸು ಹತ್ತಿದೆ. ಉಪಕರಣಗಳ ಚೀಲವನ್ನು ಮನೆಯಲ್ಲೇ ಬಿಟ್ಟೆ.